ಹಸಿ ಹಾಲಿನಲ್ಲಿ ಔಷಧಕ್ಕೆ ಬಗ್ಗದ ರೋಗಾಣು: ಕೊಟ್ಟಿಗೆಯಲ್ಲಿ ಏನು ಮಾಡಬೇಕು, ಅಡುಗೆಮನೆಯಲ್ಲಿ ಏನು ಮಾಡಬೇಕು

ಕೆಚ್ಚಲು ಬಾವಿಗೆ ಮೂರು ದಿನ ತೊಟ್ಟಿನೊಳಗೆ ಆಂಟಿಬಯೋಟಿಕ್ ಟ್ಯೂಬ್ ಏರಿಸಿದ ಮೇಲೂ ಹಾಲಿನಲ್ಲಿ ಗರಣೆ ಬರುತ್ತಲೇ ಇದ್ದರೆ ಕೇಳಿಬರುವ ಮಾತು ಒಂದೇ: ‘ಇನ್ನೂ ಪವರ್ ಇರೋದು ಕೊಡಿ ಸಾರ್.’ ಹೀಗೆ ಪವರ್ ಏರಿಸುತ್ತಾ ಹೋದ ಕೊಟ್ಟಿಗೆಗಳಲ್ಲೇ ಯಾವ ಇಂಜೆಕ್ಷನ್ನಿಗೂ ಜಗ್ಗದ ರೋಗಾಣು ನೆಲೆಯೂರುತ್ತದೆ. ಅಲ್ಲಿಂದ ಅದು ಕರೆಯುವವರ ಕೈಗೆ, ಪಕ್ಕದ ಹಸುವಿನ ಕೆಚ್ಚಲಿಗೆ, ಕರುವಿನ ಹೊಟ್ಟೆಗೆ, ಹಸಿ ಹಾಲು ಕೊಳ್ಳುವವರ ಮನೆಗೆ ದಾಟುತ್ತದೆ. ಇದನ್ನು ತಡೆಯುವ ಕೆಲಸದ ಹೆಚ್ಚಿನ ಪಾಲು ಮೊದಲ ಟ್ಯೂಬ್ ಏರಿಸುವ ಮುಂಚೆಯೇ ಆಗಬೇಕು. ಎರಡರಿಂದ ಹತ್ತು ರಾಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಿದು. ಕೊನೆಯ ಭಾಗ ಹಸಿ ಹಾಲು ಕೊಳ್ಳುವ ಮನೆಯವರಿಗೆ.

ಶೇಷ ಬೇರೆ, ರೋಗಾಣು ಬೇರೆ

ಹಾಲಿನಲ್ಲಿ ಆಂಟಿಬಯೋಟಿಕ್ ಶೇಷ ಉಳಿಯುವುದು ಒಂದು ಸಮಸ್ಯೆ. ಆಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಇರುವುದು ಇನ್ನೊಂದು. ಎರಡಕ್ಕೂ ಮೂಲ ಒಂದೇ ಆದರೂ ಪರಿಹಾರ ಬೇರೆ ಬೇರೆ. ಬ್ಯಾಕ್ಟೀರಿಯಾ ಕಾಯಿಸಿದರೆ ಸಾಯುತ್ತದೆ. ಔಷಧವನ್ನು ತಡೆದುಕೊಳ್ಳುತ್ತದೆ ಎಂದ ಮಾತ್ರಕ್ಕೆ ಶಾಖವನ್ನೂ ತಡೆದುಕೊಳ್ಳುವುದಿಲ್ಲ. 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡಿನ ಪಾಶ್ಚರೀಕರಣ ಔಷಧಕ್ಕೆ ಬಗ್ಗುವ, ಬಗ್ಗದ ಎರಡು ಬಗೆಯನ್ನೂ ಒಂದೇ ರೀತಿ ಕೊಲ್ಲುತ್ತದೆ. ಶೇಷ ಹಾಗಲ್ಲ. ಪೆನಿಸಿಲಿನ್ ಬೆರೆತ ಹಾಲನ್ನು ಉಕ್ಕಿಸಿದರೂ ಔಷಧದ ಬಹುಪಾಲು ಹಾಗೇ ಇರುತ್ತದೆ. ಆದ್ದರಿಂದ ‘ಕಾಯಿಸಿ ಕುಡಿದರಾಯಿತು’ ಎಂಬ ಮಾತು ರೋಗಾಣುವಿನ ಮಟ್ಟಿಗೆ ಸರಿ, ಔಷಧದ ಮಟ್ಟಿಗೆ ತಪ್ಪು.

ಕೆಚ್ಚಲಿನ ಮುಖ್ಯ ರೋಗಾಣುಗಳಲ್ಲಿ ಸ್ಟೆಫೈಲೋಕಾಕಸ್ ಆರಿಯಸ್ ಮೊಲೆತೊಟ್ಟಿನ ಗಾಯ, ಕರೆಯುವವರ ಕೈ, ಒರೆಸುವ ಬಟ್ಟೆಗಳಲ್ಲಿ ಇರುತ್ತದೆ. ಕರೆಯುವ ಹೊತ್ತಿನಲ್ಲೇ ಹರಡುತ್ತದೆ. ಇ. ಕೋಲೈ ಸಗಣಿಯದ್ದು. ಕ್ಲೆಬ್ಸಿಯೆಲ್ಲಾ ಒದ್ದೆ ಮರದ ಹೊಟ್ಟು ಹಾಸಿದ ಕಡೆ ಹೆಚ್ಚು. ಸ್ಟೆಫೈಲೋಕಾಕಸ್‌ಗೆ ಪೆನಿಸಿಲಿನ್ ಒಡೆಯುವ ಕಿಣ್ವ ಸಿಕ್ಕರೆ ಪೆನಿಸಿಲಿನ್ ಕೆಲಸ ಮಾಡುವುದಿಲ್ಲ. ಮೆಕ್‌ಎ ಎಂಬ ಜೀನ್ ಸಿಕ್ಕರೆ ಕ್ಲಾಕ್ಸಾಸಿಲಿನ್, ಸೆಫಲೋಸ್ಪೊರಿನ್‌ಗಳೂ ಹೆಚ್ಚುಕಡಿಮೆ ಕೈಬಿಟ್ಟಂತೆ. ಆಸ್ಪತ್ರೆಗಳಲ್ಲಿ ಹೆದರುವ ಎಂಆರ್‌ಎಸ್‌ಎ ಇದೇ. ಇ. ಕೋಲೈ ಮತ್ತು ಕ್ಲೆಬ್ಸಿಯೆಲ್ಲಾಗಳಲ್ಲಿ ಇಎಸ್‌ಬಿಎಲ್ ಎಂಬ ಕಿಣ್ವಗಳಿದ್ದರೆ ಸೆಫ್ಟ್ರಿಯಾಕ್ಸೋನ್ ಕೂಡ ನೀರು ಚುಚ್ಚಿದ ಹಾಗೆ. ಈ ಜೀನ್‌ಗಳಲ್ಲಿ ಹಲವು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು. ಔಷಧ ಕೊಟ್ಟಾಗಲೆಲ್ಲ ಬಗ್ಗುವವು ಸತ್ತು, ಬಗ್ಗದವುಗಳಿಗೆ ಜಾಗ ಖಾಲಿಯಾಗುತ್ತದೆ.

ಹಂತ 1: ಬಾವು ಕಣ್ಣಿಗೆ ಬೀಳುವ ಮುಂಚೆ ಹಿಡಿಯಿರಿ

ಕರೆಯಲು ಕೂತಾಗ ಪ್ರತಿ ತೊಟ್ಟಿನ ಮೊದಲ ಮೂರು ನಾಲ್ಕು ಧಾರೆಯನ್ನು ಕಪ್ಪು ತಟ್ಟೆಗೋ ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೋ ಹಿಂಡಿ ನೋಡಿ. ಗರಣೆ, ಎಳೆ, ನೀರುಹಾಲು ಇದ್ದರೆ ಅಲ್ಲೇ ಕಾಣುತ್ತದೆ. ನೆಲಕ್ಕೆ ಹಿಂಡಬೇಡಿ. ಹಸು ಮಲಗುವುದು ಅದೇ ನೆಲದ ಮೇಲೆ.

ಕಣ್ಣಿಗೆ ಕಾಣದ ಒಳಬಾವಿಗೆ ಸಿಎಂಟಿ (ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್) ಎಂಬ ಪರೀಕ್ಷೆ ಇದೆ. ನಾಲ್ಕು ಬಟ್ಟಲಿನ ತಟ್ಟೆ ಮತ್ತು ದ್ರಾವಣ ಪಶು ಔಷಧದ ಅಂಗಡಿಯಲ್ಲಿ ಸಿಗುತ್ತವೆ. ಮೊದಲ ಧಾರೆ ಚೆಲ್ಲಿದ ಮೇಲೆ ಒಂದೊಂದು ತೊಟ್ಟಿನಿಂದ ಒಂದೊಂದು ಬಟ್ಟಲಿಗೆ 2ರಿಂದ 3 ಮಿ.ಲೀ. ಹಾಲು ಹಿಂಡಿ, ಅಷ್ಟೇ ದ್ರಾವಣ ಹಾಕಿ, ಸುಮಾರು 10 ಸೆಕೆಂಡು ಗುಂಡಗೆ ಆಡಿಸಿ. ತಿಳಿಯಾಗಿ ಹರಿದರೆ ಸರಿ. ತಳದಲ್ಲಿ ದಪ್ಪಗಾದರೆ ಅನುಮಾನ. ಲೋಳೆಯಾಗಿ ಮಧ್ಯಕ್ಕೆ ಗುಡ್ಡೆ ಕೂಡಿದರೆ ಆ ತೊಟ್ಟಿನಲ್ಲಿ ಬಾವಿದೆ. ದ್ರಾವಣದಲ್ಲಿರುವ ಡಿಟರ್ಜೆಂಟು ಬಿಳಿ ರಕ್ತಕಣಗಳನ್ನು ಒಡೆದು, ಒಳಗಿನ ಡಿಎನ್‌ಎ ಹೊರಬಂದು ಲೋಳೆಯಾಗುತ್ತದೆ. ಮಿ.ಲೀ.ಗೆ 2 ಲಕ್ಷ ಕಣ ದಾಟಿದರೆ ಒಳಬಾವು ಎಂದು ಲೆಕ್ಕ. ದ್ರಾವಣ ಸಿಗದಿದ್ದರೆ 100 ಮಿ.ಲೀ. ನೀರಿಗೆ 3 ಗ್ರಾಂ ಬಟ್ಟೆ ಸೋಪಿನ ಪುಡಿ ಕರಗಿಸಿ, ಸಮ ಹಾಲಿನ ಜೊತೆ ಬೆರೆಸಿ ನೋಡಬಹುದು. ಒರಟು ಪರೀಕ್ಷೆ, ಆದರೆ ಏನೂ ಮಾಡದೆ ಇರುವುದಕ್ಕಿಂತ ಎಷ್ಟೋ ವಾಸಿ. ಕರು ಹಾಕಿದ ಮೊದಲ ನಾಲ್ಕೈದು ದಿನ ಮತ್ತು ಹಾಲು ಬತ್ತುವ ಕಾಲದಲ್ಲಿ ಬಾವಿಲ್ಲದಿದ್ದರೂ ಲೋಳೆ ಬರಬಹುದು. ಆಗಿನ ಫಲಿತಾಂಶ ನಂಬಿ ಔಷಧ ಕೊಡಿಸಬೇಡಿ.

ಸಿಎಂಟಿಯಲ್ಲಿ ಲೋಳೆ ಬಂದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಕೆಂದಲ್ಲ. ಅದು ಬಾವನ್ನು ತೋರಿಸುತ್ತದೆ, ರೋಗಾಣು ಯಾವುದೆಂದು ಹೇಳುವುದಿಲ್ಲ.

ಹಂತ 2: ಔಷಧಕ್ಕೆ ಮುಂಚೆ ಮಾದರಿ

ಎಲ್ಲಕ್ಕಿಂತ ಹೆಚ್ಚು ತಪ್ಪಾಗುವುದು ಇಲ್ಲಿಯೇ. ಒಂದು ಡೋಸ್ ಬಿದ್ದ ಮೇಲೆ ತೆಗೆದ ಹಾಲಿನಲ್ಲಿ ರೋಗಾಣು ಬೆಳೆಯದೇ ಇರಬಹುದು. ‘ಏನೂ ಇಲ್ಲ’ ಎಂಬ ವರದಿ ಬರುತ್ತದೆ, ಹಸು ಮಾತ್ರ ಹಾಗೇ ಇರುತ್ತದೆ. ಇನ್ನೊಂದು ತಪ್ಪು ಕೊಳಕು ಮಾದರಿ. ತೊಟ್ಟಿನ ಚರ್ಮದ, ಕೈಯ, ಸಗಣಿಯ ಬ್ಯಾಕ್ಟೀರಿಯಾ ಸೇರಿದರೆ ಲ್ಯಾಬಿನ ಪ್ಲೇಟಿನ ಮೇಲೆ ಮೂರು ನಾಲ್ಕು ಬಗೆ ಬೆಳೆದು, ಯಾವುದು ಕಾರಣ ಎಂದು ಹೇಳುವುದೇ ಕಷ್ಟವಾಗುತ್ತದೆ.

ಬೇಕಾದದ್ದು: ಪಶು ಆಸ್ಪತ್ರೆಯಿಂದ ಪಡೆದ ಸ್ಟೆರೈಲ್ ಬಾಟಲಿಗಳು, 70 ಶೇಕಡಾ ಸ್ಪಿರಿಟ್, ಹತ್ತಿ, ಕೈಗವಸು, ಮಾರ್ಕರ್, ಐಸ್ ಹಾಕಿದ ಥರ್ಮಾಕೋಲ್ ಡಬ್ಬಿ.

ಕೆಚ್ಚಲು ಕೊಳಕಾಗಿದ್ದರೆ ತೊಳೆದು ಪೂರ್ತಿ ಒಣಗಿಸಿ. ನೀರು ತೊಟ್ಟಿಕ್ಕುವ ಕೆಚ್ಚಲಿನಿಂದ ಮಾದರಿ ತೆಗೆಯಲೇಬೇಡಿ. ಮೂರು ನಾಲ್ಕು ಧಾರೆ ಚೆಲ್ಲಿ. ಸ್ಪಿರಿಟ್ ಹತ್ತಿಯಿಂದ ತೊಟ್ಟಿನ ತುದಿಯನ್ನು, ಹತ್ತಿ ಬೆಳ್ಳಗೆ ಉಳಿಯುವವರೆಗೆ ಒರೆಸಿ. ಒಂದು ತೊಟ್ಟಿಗೆ ಒಂದು ಹತ್ತಿ. ಒರೆಸುವಾಗ ನಿಮ್ಮಿಂದ ದೂರದ ತೊಟ್ಟುಗಳು ಮೊದಲು, ಹಾಲು ಹಿಡಿಯುವಾಗ ಹತ್ತಿರದವು ಮೊದಲು. ಹಾಗೆ ಮಾಡಿದರೆ ಒರೆಸಿದ ತೊಟ್ಟಿಗೆ ತೋಳು ತಾಗುವುದಿಲ್ಲ. ಬಾಟಲಿಯನ್ನು ನೆಟ್ಟಗೆ ಹಿಡಿಯದೆ ಓರೆಯಾಗಿ ಹಿಡಿದು, ಬಾಯಿ ತೊಟ್ಟಿಗೆ ತಾಗದಂತೆ 5ರಿಂದ 10 ಮಿ.ಲೀ. ಹಿಡಿಯಿರಿ. ಮುಚ್ಚಳದ ಒಳಬದಿ ಮುಟ್ಟಬೇಡಿ, ನೆಲಕ್ಕೂ ಇಡಬೇಡಿ. ಬಾವಿರುವ ತೊಟ್ಟಿನ ಹಾಲು ಮಾತ್ರ ಸಾಕು. ನಾಲ್ಕನ್ನೂ ಒಂದೇ ಬಾಟಲಿಗೆ ಬೆರೆಸಿದರೆ ಕೆಟ್ಟ ತೊಟ್ಟಿನ ರೋಗಾಣು ಒಳ್ಳೆಯ ಹಾಲಿನಲ್ಲಿ ತೆಳುವಾಗಿ ಹೋಗುತ್ತದೆ.

ಬಾಟಲಿಯ ಮೇಲೆ ಕಿವಿಯೋಲೆಯ 12 ಅಂಕಿಯ ಸಂಖ್ಯೆ, ಯಾವ ತೊಟ್ಟು (ಬಲ ಮುಂದಿನದು, ಎಡ ಹಿಂದಿನದು ಹೀಗೆ), ದಿನಾಂಕ, ಕಳೆದ ಒಂದು ತಿಂಗಳಲ್ಲಿ ಕೊಟ್ಟ ಔಷಧ ಬರೆಯಿರಿ. ಐಸಿನಲ್ಲಿಟ್ಟು 24 ಗಂಟೆಯೊಳಗೆ ಲ್ಯಾಬ್ ತಲುಪಿಸಿ. ತಡವಾಗುವುದಾದರೆ ಫ್ರೀಜರ್‌ನಲ್ಲಿಡಬಹುದು, ಆದರೆ ಇ. ಕೋಲೈ ಸಂಖ್ಯೆ ಇಳಿಯುತ್ತದೆ.

ಎಲ್ಲಿಗೆ ಕಳಿಸುವುದು? ಹತ್ತಿರದ ಪಶು ಆಸ್ಪತ್ರೆಯ ಮೂಲಕ ಹೋಗುವುದೇ ಸುಲಭ. ಹೆಬ್ಬಾಳ, ಹಾಸನ, ಶಿವಮೊಗ್ಗ, ಗದಗ, ಬೀದರ್‌ನ ಪಶುವೈದ್ಯ ಕಾಲೇಜುಗಳಲ್ಲಿ ಸೂಕ್ಷ್ಮಾಣು ವಿಭಾಗಗಳಿವೆ. ನಿಮ್ಮ ಹಾಲು ಒಕ್ಕೂಟದ ಪಶುವೈದ್ಯರನ್ನೂ ಕೇಳಿ. ಹಸು ತೀರಾ ಸುಸ್ತಾಗಿದ್ದರೆ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ. ಮಾದರಿ ತೆಗೆದಿಟ್ಟುಕೊಂಡೇ ಕಾಯಿರಿ.

ಹಂತ 3: ವರದಿ ಓದುವುದು

ಬೆಳೆಸಲು ಒಂದೆರಡು ದಿನ, ಔಷಧ ಪರೀಕ್ಷೆಗೆ ಇನ್ನೊಂದು ದಿನ. ಅಗರ್ ಎಂಬ ಜೆಲ್ಲಿ ತುಂಬಿದ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಸವರಿ, ಔಷಧ ಹೀರಿಸಿದ ಪುಟ್ಟ ಕಾಗದದ ಬಿಲ್ಲೆಗಳನ್ನಿಟ್ಟು 35 ಡಿಗ್ರಿಯಲ್ಲಿ ಒಂದು ರಾತ್ರಿ ಇಡುತ್ತಾರೆ. ಬಿಲ್ಲೆಯ ಸುತ್ತ ಏನೂ ಬೆಳೆಯದ ವೃತ್ತ ಎಷ್ಟು ಮಿಲಿಮೀಟರ್ ಇದೆ ಎಂದು ಅಳೆಯುತ್ತಾರೆ. ವರದಿಯಲ್ಲಿ ಎಸ್ ಎಂದರೆ ಬಗ್ಗುತ್ತದೆ, ಆರ್ ಎಂದರೆ ಬಗ್ಗುವುದಿಲ್ಲ, ಐ ಎಂದರೆ ನಡುವಿನದು.

ಬೇರೆ ಬೇರೆ ಔಷಧದ ವೃತ್ತಗಳನ್ನು ಒಂದಕ್ಕೊಂದು ಹೋಲಿಸುವುದು ಸಾಮಾನ್ಯ ಎಡವಟ್ಟು. ಒಂದು ಔಷಧಕ್ಕೆ 18 ಮಿ.ಮೀ. ಇದ್ದರೆ ಎಸ್, ಇನ್ನೊಂದಕ್ಕೆ 20 ಇದ್ದರೂ ಆರ್ ಆಗಬಹುದು. ಸ್ಟೆಫೈಲೋಕಾಕಸ್ ಆರಿಯಸ್‌ಗೆ 30 ಮೈಕ್ರೋಗ್ರಾಂನ ಸೆಫಾಕ್ಸಿಟಿನ್ ಬಿಲ್ಲೆಯ ವೃತ್ತ 21 ಮಿ.ಮೀ. ಅಥವಾ ಕಡಿಮೆ ಇದ್ದರೆ ಅದನ್ನು ಎಂಆರ್‌ಎಸ್‌ಎ ಎಂದೇ ಎಣಿಸುತ್ತಾರೆ. ವರದಿಯಲ್ಲಿ ಆ ಸಾಲಿದ್ದರೆ ಅದನ್ನೇ ಮೊದಲು ನೋಡಿ. ಕೈಗೆ ಗಾಯವಿರುವವರು ಆ ಹಸುವನ್ನು ಕರೆಯಬಾರದು. ಮನೆಯಲ್ಲಿ ಯಾರಿಗಾದರೂ ಪದೇಪದೇ ಕುರು ಏಳುತ್ತಿದ್ದರೆ ವೈದ್ಯರಿಗೆ ಈ ವಿಷಯ ಹೇಳಬೇಕು.

ಔಷಧ ಹಿಡಿಯಲಿಲ್ಲ ಎಂದಾಕ್ಷಣ ರೋಗಾಣು ಬಗ್ಗದ ಜಾತಿಯದೆಂದು ತೀರ್ಮಾನಿಸಬೇಡಿ. ಕ್ಲಾಕ್ಸಾಸಿಲಿನ್ ಇ. ಕೋಲೈಗೆ ಹುಟ್ಟಿನಿಂದಲೇ ನಾಟುವುದಿಲ್ಲ; ಅದು ತಪ್ಪು ಆಯ್ಕೆ. ಸ್ಟೆಫೈಲೋಕಾಕಸ್ ಹಳೆಯ ಕೇಸಿನಲ್ಲಿ ಕೆಚ್ಚಲಿನ ಆಳದಲ್ಲಿ ಗಂಟು ಕಟ್ಟಿಕೊಂಡು, ಜೀವಕೋಶಗಳ ಒಳಗೂ ಅಡಗಿ ಕೂರುತ್ತದೆ. ಲ್ಯಾಬಿನಲ್ಲಿ ಎಸ್ ಬಂದ ಔಷಧ ಅಲ್ಲಿಗೆ ತಲುಪುವುದೇ ಇಲ್ಲ. ಅಂಥ ಹಸುವಿಗೆ ಪವರ್ ಏರಿಸಿದರೆ ಹಣ ಹೋಗುತ್ತದೆ, ರೋಗ ಹೋಗುವುದಿಲ್ಲ.

ಹಂತ 4: ಚಿಕಿತ್ಸೆ

ಜ್ವರವಿಲ್ಲದೆ, ಮೇವು ತಿನ್ನುತ್ತಿದ್ದು, ಹಾಲಿನಲ್ಲಷ್ಟೇ ಬದಲಾವಣೆ ಇರುವ ಹಸು ವರದಿ ಬರುವವರೆಗೆ ಒಂದೆರಡು ದಿನ ಕಾಯಬಲ್ಲದು. ಪದೇಪದೇ ಪೂರ್ತಿ ಕರೆದು ಖಾಲಿ ಮಾಡುವುದು, ಬಾವು ಇಳಿಸುವ ಔಷಧ, ಇಷ್ಟರಲ್ಲಿ ಇ. ಕೋಲೈನ ಸಣ್ಣ ಕೇಸುಗಳು ಎಷ್ಟೋ ಬಾರಿ ತಾವಾಗಿಯೇ ವಾಸಿಯಾಗುತ್ತವೆ. ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಕಿವಿ ತಣ್ಣಗಾದರೆ, ಹಾಲು ಹಳದಿ ನೀರಿನಂತಾದರೆ, ಕೆಚ್ಚಲು ನೀಲಿಗಟ್ಟಿದರೆ ಕಾಯುವ ಮಾತಿಲ್ಲ. ಮಾದರಿ ತೆಗೆದು ಕೂಡಲೇ ವೈದ್ಯರನ್ನು ಕರೆಸಿ.

ಆರಂಭದ ಬಾವಿಗೆ ಎನ್‌ಡಿಡಿಬಿ (ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ) ಹಾಲು ಒಕ್ಕೂಟಗಳ ಮೂಲಕ ಹೇಳಿಕೊಡುತ್ತಿರುವ ಲೇಪ ಇದು: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ರುಬ್ಬಿದರೆ ಕೆಂಪು ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಒಂದು ಹಿಡಿಯನ್ನು ನೀರಿನಲ್ಲಿ ತೆಳುಮಾಡಿ, ಹಾಲು ಖಾಲಿ ಮಾಡಿ ತೊಳೆದ ಕೆಚ್ಚಲಿಗೆಲ್ಲ ಹಚ್ಚಬೇಕು. ದಿನಕ್ಕೆ ಹತ್ತು ಸಲ, ಐದು ದಿನ, ಪ್ರತಿದಿನ ಹೊಸದಾಗಿ ರುಬ್ಬಿ. ಬೆಳಿಗ್ಗೆ ಒಂದು ಸಲ ಬಳಿದು ಬಿಟ್ಟವರು ‘ಕೆಲಸ ಮಾಡಲಿಲ್ಲ’ ಎನ್ನುವುದುಂಟು. ಮೇಲೆ ಹೇಳಿದ ಅಪಾಯದ ಲಕ್ಷಣ ಇರುವ ಹಸುವಿಗೆ ಲೇಪ ನೆಚ್ಚಿಕೊಂಡು ಕೂರುವುದು ತಪ್ಪು.

ಆಂಟಿಬಯೋಟಿಕ್ ಶುರು ಮಾಡಿದರೆ ವೈದ್ಯರು ಹೇಳಿದಷ್ಟು ದಿನ, ಹೇಳಿದ ಡೋಸ್. ಎರಡನೇ ದಿನ ಹಾಲು ಬೆಳ್ಳಗಾಯಿತೆಂದು ಮೂರನೆಯ ಟ್ಯೂಬ್ ಉಳಿಸಬೇಡಿ. ಉಳಿಸಿದ್ದನ್ನು ಇನ್ನೊಂದು ಹಸುವಿಗೆ ಅರ್ಧಂಬರ್ಧ ಏರಿಸುವುದು ಇನ್ನೂ ಕೆಟ್ಟದ್ದು. ಸೆಫ್ಟ್ರಿಯಾಕ್ಸೋನ್‌ನಂಥ ಮೂರನೇ ತಲೆಮಾರಿನ ಸೆಫಲೋಸ್ಪೊರಿನ್‌ಗಳು ಶೆಡ್ಯೂಲ್ ಎಚ್1ರಲ್ಲಿವೆ. ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆಯಬೇಕು. ಮನುಷ್ಯರಿಗೆ ಕೊನೆಗಾಲದಲ್ಲಿ ಒದಗುವ ಕೊಲಿಸ್ಟಿನ್ ಅನ್ನು ಆಹಾರದ ಪ್ರಾಣಿಗಳಿಗೆ ಕೊಡುವುದನ್ನು ಭಾರತ 2019ರಲ್ಲೇ ನಿಷೇಧಿಸಿದೆ.

ಟ್ಯೂಬ್ ಏರಿಸುವ ಮುಂಚೆ ತೊಟ್ಟಿನ ತುದಿಗೆ ಸ್ಪಿರಿಟ್ ಒರೆಸುವುದನ್ನು ಬಿಟ್ಟರೆ ಒಂದು ರೋಗಾಣುವಿಗೆ ಔಷಧ ಕೊಡುತ್ತಾ ಇನ್ನೊಂದನ್ನು ನೀವೇ ಒಳಗೆ ತಳ್ಳಿದಂತೆ. ಮೂತಿಯನ್ನು ಪೂರ್ತಿ ತೂರಿಸಬೇಕಿಲ್ಲ, 3 ಮಿ.ಮೀ. ಒಳಹೊಕ್ಕರೆ ಸಾಕು.

ಹಂತ 5: ಆ ಹಾಲು ಎಲ್ಲಿಗೂ ಹೋಗಬಾರದು

ಲೇಬಲ್ಲಿನ ಮೇಲೆ ಹಾಲು ಬಿಡಬೇಕಾದ ಅವಧಿ ಇರುತ್ತದೆ. ಹಸುವಿಗೆಂದು ಅವಧಿ ನಮೂದಿಸದ ಔಷಧವಾದರೆ, 2012ರಲ್ಲಿ ಔಷಧ ನಿಯಮಗಳಿಗೆ ಸೇರಿಸಿದ ತಿದ್ದುಪಡಿಯಂತೆ ಹಾಲಿಗೆ ಕನಿಷ್ಠ 7 ದಿನ. ಎಣಿಕೆ ಕೊನೆಯ ಡೋಸ್‌ನಿಂದ, ಮೊದಲ ಡೋಸ್‌ನಿಂದ ಅಲ್ಲ. ಒಂದೇ ತೊಟ್ಟಿಗೆ ಟ್ಯೂಬ್ ಏರಿಸಿದ್ದರೂ ನಾಲ್ಕು ತೊಟ್ಟಿನ ಹಾಲೂ ಹೊರಗೆ. ಔಷಧ ರಕ್ತದ ಮೂಲಕ ಉಳಿದ ಭಾಗಕ್ಕೂ ಹೋಗುತ್ತದೆ.

ಒಂದು ಹಸುವಿನ ಹಾಲಿನಿಂದ ಏನಾದೀತು ಎನ್ನುವವರಿಗೆ ಒಂದು ಲೆಕ್ಕ. 1 ಲಕ್ಷ ಯೂನಿಟ್ ಪೆನಿಸಿಲಿನ್ ಎಂದರೆ 60 ಮಿಲಿಗ್ರಾಂ. ಅದರ ಮೂರನೇ ಒಂದು ಪಾಲು ಮೊದಲ ಕರಾವಿನಲ್ಲಿ ಹೊರಬಂದಿತು ಎಂದಿಟ್ಟುಕೊಳ್ಳಿ, 20 ಮಿಲಿಗ್ರಾಂ. ಪೆನಿಸಿಲಿನ್‌ಗೆ ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ ಕಿಲೋ ಹಾಲಿಗೆ 4 ಮೈಕ್ರೋಗ್ರಾಂ. ಅಂದರೆ ಆ ಒಂದು ಕರಾವು 5,000 ಕಿಲೋ ಹಾಲನ್ನು ಮಿತಿಯವರೆಗೆ ತಂದು ನಿಲ್ಲಿಸಬಲ್ಲದು. ಊರಿನ ಹಾಲು ತಂಪಾಗಿಡುವ ಒಂದು ದೊಡ್ಡ ಬಿಎಂಸಿ ಟ್ಯಾಂಕು ಅದು, ಅದರಲ್ಲಿ ಊರಿನವರೆಲ್ಲರ ಹಾಲಿದೆ.

ಮನೆಯಲ್ಲಿ ಅನುಮಾನ ಬಂದರೆ ಹೆಪ್ಪು ಹಾಕಿ ನೋಡಬಹುದು: ಕಾಯಿಸಿ ಆರಿಸಿದ ಆ ಹಾಲು ಒಂದು ಲೋಟ, ಒಳ್ಳೆಯದೆಂದು ಗೊತ್ತಿರುವ ಹಾಲು ಇನ್ನೊಂದು ಲೋಟ, ಎರಡಕ್ಕೂ ಒಂದೇ ಮೊಸರಿನಿಂದ ಒಂದೊಂದು ಚಮಚ. ಬೆಳಿಗ್ಗೆ ಎರಡನೆಯದು ಗಟ್ಟಿಯಾಗಿ ಮೊದಲನೆಯದು ಹಾಲಾಗಿಯೇ ಇದ್ದರೆ ಔಷಧವಿದೆ ಎಂದೇ ತಿಳಿಯಿರಿ. ಮೊಸರಾಯಿತು ಎಂದ ಮಾತ್ರಕ್ಕೆ ಶುದ್ಧವೆಂದು ಹೇಳಲಾಗದು, ಏಕೆಂದರೆ ಸಣ್ಣ ಪ್ರಮಾಣದ ಶೇಷವಿದ್ದರೂ ಹೆಪ್ಪು ಕೂರುತ್ತದೆ. ಡೈರಿಗಳಲ್ಲಿ ಇದಕ್ಕೆ ಕಾಗದದ ಪಟ್ಟಿ, ಡೆಲ್ವೋಟೆಸ್ಟ್‌ನಂಥ ಕಿಟ್‌ಗಳಿವೆ.

ಬಿಟ್ಟ ಹಾಲನ್ನು ಕರುವಿಗೆ ಕುಡಿಸುವುದು ಎಲ್ಲ ಕಡೆ ಇರುವ ರೂಢಿ. ಇದು ನಿಲ್ಲಲೇಬೇಕು. ಸ್ವಲ್ಪ ಸ್ವಲ್ಪ ಔಷಧ, ಜೊತೆಗೆ ಬಗ್ಗದ ರೋಗಾಣು, ಎರಡೂ ದಿನವೂ ಕರುವಿನ ಕರುಳಿಗೆ ಹೋಗುತ್ತವೆ. ಅದರ ಸಗಣಿ ಕೊಟ್ಟಿಗೆ ತುಂಬ. ನಾಯಿಗೂ ಹಾಕಬೇಡಿ, ಚರಂಡಿಗೂ ಬಿಡಬೇಡಿ. ಬಾವಿ, ಕೊಳವೆಬಾವಿಯಿಂದ ದೂರ ಗುಂಡಿ ತೋಡಿ ಒಣ ಎಲೆ, ಮಣ್ಣು ಸೇರಿಸಿ ಮುಚ್ಚಿ. ಕೊಟ್ಟಿಗೆಯ ಗೊಬ್ಬರವನ್ನು ಹಸಿಯಾಗಿ ಸೊಪ್ಪು ತರಕಾರಿಗೆ ಹಾಕದೆ, ಗುಡ್ಡೆ ಹಾಕಿ ತಿರುವಿ, ಬಿಸಿಯೇರಿ ಕಳಿತ ಮೇಲೆ ಬಳಸಿ.

ಕರೆಯುವ ಕ್ರಮ

ಒಳ್ಳೆಯ ಹಸು ಮೊದಲು, ಬಾವಿರುವ ಹಸು ಕೊನೆಗೆ. ಅದೇ ಹಸುವಿನಲ್ಲೂ ಕೆಟ್ಟ ತೊಟ್ಟು ಕೊನೆಗೆ. ಒಂದೇ ಒದ್ದೆ ಬಟ್ಟೆಯಿಂದ ಎಲ್ಲ ಹಸುಗಳ ಕೆಚ್ಚಲು ಒರೆಸುವುದು ಸ್ಟೆಫೈಲೋಕಾಕಸ್‌ಗೆ ಬಸ್ಸು ಹಿಡಿಸಿದಂತೆ. ಹಸುವಿಗೊಂದು ಬಟ್ಟೆ ಇಟ್ಟು, ಕುದಿಸಿ ಒಣಗಿಸಿ. ತೊಟ್ಟಿಗೆ ಎಂಜಲು, ನೊರೆ, ಎಣ್ಣೆ ಹಚ್ಚಿ ಎಳೆಯುವುದು ಬೇಡ. ಯಂತ್ರದಲ್ಲಿ ಕರೆಯುವವರು ಒಳಗಿನ ರಬ್ಬರ್ ಬಿರುಕು ಬಿಟ್ಟಿದೆಯೇ ನೋಡಿ; ರೋಗಾಣು ಕೂರುವುದು ಬಿರುಕಿನಲ್ಲಿ.

ಕರೆದ ಕೂಡಲೇ ಪ್ರತಿ ತೊಟ್ಟನ್ನೂ ಅಯೋಡಿನ್ ದ್ರಾವಣದಲ್ಲಿ ಅದ್ದಿ. 5 ಶೇಕಡಾ ಪೊವಿಡೋನ್ ಅಯೋಡಿನ್ ಸಾಕು, 100 ಮಿ.ಲೀ.ಗೆ 10 ಮಿ.ಲೀ. ಗ್ಲಿಸರಿನ್ ಸೇರಿಸಿದರೆ ಚರ್ಮ ಒಡೆಯುವುದಿಲ್ಲ. ಲೋಟದಲ್ಲಿ ಉಳಿದದ್ದನ್ನು ಮತ್ತೆ ಬಾಟಲಿಗೆ ಸುರಿಯಬೇಡಿ. ಕರೆದ ಮೇಲೆ ಅರ್ಧ ಗಂಟೆ ತೊಟ್ಟಿನ ರಂಧ್ರ ತೆರೆದೇ ಇರುತ್ತದೆ. ಆ ಹೊತ್ತಿಗೆ ಹಸಿಮೇವು ಹಾಕಿದರೆ ಹಸು ನಿಂತೇ ತಿನ್ನುತ್ತದೆ, ಸಗಣಿಯ ಮೇಲೆ ಮಲಗುವುದಿಲ್ಲ.

ಬತ್ತಿಸುವಾಗ ಮತ್ತು ಗಿಣ್ಣಿನ ಹಾಲು

ಕರು ಹಾಕುವ ಸುಮಾರು 60 ದಿನ ಮುಂಚೆ ಬತ್ತಿಸುವಾಗ ಎಲ್ಲ ಹಸುಗಳಿಗೂ ಕಣ್ಣುಮುಚ್ಚಿ ದೀರ್ಘಾವಧಿಯ ಟ್ಯೂಬ್ ಏರಿಸುವ ಬದಲು ಸಿಎಂಟಿಯಲ್ಲಿ ಲೋಳೆ ಬಂದ, ಆ ಸೂಲಿನಲ್ಲಿ ಬಾವು ಕಂಡ ಹಸುಗಳಿಗೆ ಮಾತ್ರ ವೈದ್ಯರನ್ನು ಕೇಳಿ ಏರಿಸಿ. ಉಳಿದವಕ್ಕೆ ತೊಟ್ಟು ಮುಚ್ಚುವ ಸೀಲಂಟ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಅಯೋಡಿನ್ ಅದ್ದುವುದು ಮತ್ತು ಒಣ ಜಾಗ. ಟ್ಯೂಬ್ ಏರಿಸಿದ ದಿನಾಂಕ ಗೋಡೆಯ ಮೇಲಾದರೂ ಬರೆದಿಡಿ. ಹಸು ದಿನಕ್ಕೆ ಮುಂಚೆ ಕರು ಹಾಕಿದರೆ ಆ ಔಷಧ ಗಿಣ್ಣಿನ ಹಾಲಿನಲ್ಲಿರುತ್ತದೆ. ಅಕ್ಕಪಕ್ಕದ ಮನೆಗೆಲ್ಲ ಹಂಚುವ ಗಿಣ್ಣನ್ನು ಬೆಲ್ಲ ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೂ ಔಷಧ ಹೋಗುವುದಿಲ್ಲ.

ವಾಸಿಯಾಗದ ಹಸು

ಚಿಕಿತ್ಸೆ ಮುಗಿದು ಎರಡು ವಾರವಾದ ಮೇಲೆ ಒಮ್ಮೆ, ನಾಲ್ಕು ವಾರವಾದ ಮೇಲೆ ಇನ್ನೊಮ್ಮೆ ಮಾದರಿ ಕಳಿಸಿ. ಅದೇ ಸ್ಟೆಫೈಲೋಕಾಕಸ್ ಅದೇ ತೊಟ್ಟಿನಲ್ಲಿ ಮರಳಿ ಬಂದರೆ ಇನ್ನೊಂದು ಸುತ್ತು ಆಂಟಿಬಯೋಟಿಕ್‌ನಿಂದ ಲಾಭ ಕಡಿಮೆ. ಹೊರದೇಶಗಳ ಕೈಪಿಡಿಗಳು ಅಂಥ ಹಸುವನ್ನು ಮಂದೆಯಿಂದ ತೆಗೆಯಿರಿ ಎನ್ನುತ್ತವೆ. 2020ರ ಗೋಹತ್ಯೆ ತಡೆ ಕಾಯ್ದೆಯ ನಂತರ ಕರ್ನಾಟಕದಲ್ಲಿ ತೆಗೆಯುವುದೆಂದರೆ ಸಂತೆಯಲ್ಲಿ ಇನ್ನೊಬ್ಬರಿಗೆ ದಾಟಿಸುವುದು ಎಂದಾಗಿದೆ, ರೋಗಾಣುವೂ ಜೊತೆಗೇ ಹೋಗುತ್ತದೆ. ವೈದ್ಯರ ಸಲಹೆಯಂತೆ ಆ ಒಂದು ತೊಟ್ಟನ್ನು ಶಾಶ್ವತವಾಗಿ ಬತ್ತಿಸಿ, ಉಳಿದ ಮೂರನ್ನು ಎಲ್ಲರ ನಂತರ ಕರೆಯುವುದು ನಮ್ಮಲ್ಲಿ ನಡೆಯುವ ದಾರಿ. ಹಸು ಕೊಳ್ಳುವಾಗ ಹಣ ಎಣಿಸುವ ಮುಂಚೆ ನಾಲ್ಕು ತೊಟ್ಟಿಗೂ ಸಿಎಂಟಿ ಮಾಡಿ. ಮಾರುವವರು ‘ನಂಬಿಕೆ ಇಲ್ವಾ?’ ಎಂದು ಮುನಿಸಿಕೊಂಡರೆ ಇನ್ನೊಂದು ಹಸು ನೋಡಿ.

ಹಸಿ ಹಾಲು ಕೊಳ್ಳುವ ಮನೆಯಲ್ಲಿ

ಹಾಲು ತಂದ ಕೂಡಲೇ ಕಾಯಿಸಿ. ‘ಆಮೇಲೆ ಕಾಯಿಸಿದರಾಯಿತು’ ಎಂದು ಅಡುಗೆಕಟ್ಟೆಯ ಮೇಲೆ ಮೂರು ನಾಲ್ಕು ಗಂಟೆ ಬಿಟ್ಟರೆ ಸ್ಟೆಫೈಲೋಕಾಕಸ್ ಬೆಳೆದು ವಿಷ ಬಿಡಬಹುದು. ಆಮೇಲೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ವಾಂತಿ ಬರಿಸುವುದು ಆ ವಿಷವೇ. ಉಕ್ಕು ಬಂದ ಮೇಲೆ ಉರಿ ತಗ್ಗಿಸಿ, ಸೌಟಿನಿಂದ ತಿರುವುತ್ತಾ ಒಂದೆರಡು ನಿಮಿಷ ಕುದಿಯಲು ಬಿಡಿ. ಬರೀ ನೊರೆ ಏರಿದ್ದನ್ನು ಉಕ್ಕು ಎಂದುಕೊಂಡು ಇಳಿಸಬೇಡಿ. ಆರಿದ ಮೇಲೆ ಫ್ರಿಜ್ಜಿಗೆ.

ಅಭಿಷೇಕಕ್ಕೆ ಹಸಿ ಹಾಲೇ ಬೇಕು ಎನ್ನುವ ಮನೆಗಳಲ್ಲಿ ದೇವರಿಗೆ ಎರೆದದ್ದು ಬೇರೆ ಇರಲಿ. ಕೈಗೆ ಹಾಕುವ ಪಂಚಾಮೃತಕ್ಕೆ ಕಾಯಿಸಿ ಆರಿಸಿದ ಹಾಲು ಅಥವಾ ಪ್ಯಾಕೆಟ್ ಹಾಲು ಬಳಸಿ. ‘ನೊರೆಹಾಲು ಪುಷ್ಟಿ’ ಎಂದು ಮಕ್ಕಳಿಗೆ, ಬಸುರಿಯರಿಗೆ ಹಸಿಯಾಗಿ ಕೊಡಬೇಡಿ. ಬ್ರೂಸೆಲ್ಲಾ, ಕ್ಷಯದ ರೋಗಾಣುಗಳೂ ಅದೇ ದಾರಿಯಲ್ಲಿ ಬರುತ್ತವೆ. ಹಸಿ ಹಾಲು ತಂದ ಕ್ಯಾನನ್ನು ನೀರಿನಲ್ಲಿ ಅಲುಬಿ ಅದಕ್ಕೇ ಕಾಯಿಸಿದ ಹಾಲು ಸುರಿಯುವುದು, ಹಸಿ ಹಾಲಿಗೆ ಅದ್ದಿದ ಲೋಟವನ್ನೇ ಮೊಸರಿಗೆ ಅದ್ದುವುದು, ಇವೆರಡನ್ನು ಬಿಡಿ. ಕ್ಯಾನನ್ನು ಸೋಪು ಹಾಕಿ ಉಜ್ಜಿ, ಕುದಿನೀರು ಸುರಿದು, ಬೋರಲು ಹಾಕಿ ಒಣಗಿಸಿ. ಮುಚ್ಚಳದ ರಬ್ಬರ್ ಉಂಗುರವನ್ನು ವಾರಕ್ಕೊಮ್ಮೆಯಾದರೂ ಬಿಚ್ಚಿ ಅದರ ಕೆಳಗಿನ ಹಳದಿ ಜಿಡ್ಡನ್ನು ಕೆರೆದು ತೆಗೆಯಿರಿ.